‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಅಂದ ಮೇಲೆ...

‘ಇನ್ನು ನಮ್ಮ ಕೈಲಿ ಏನೂ ಇಲ್ಲಮ್ಮಾ. ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ.’

ಇಷ್ಟು ಹೇಳಿ ಡಾಕ್ಟರು ಫೈಲು ಮುಚ್ಚಿದರು. ನನ್ನ ಯಜಮಾನರು ಬಿಲ್ ಕಟ್ಟಲು ಹೋದರು. ಹೊರಗೆ ಬೆಂಚಿನ ಮೇಲೆ ಅತ್ತೆಯ ಪಕ್ಕ ಕುಳಿತ ನನಗೆ ಒಂದೇ ಚಿಂತೆ. ‘ಚೆನ್ನಾಗಿ ನೋಡ್ಕೊಳ್ಳೋದು’ ಅಂದರೆ ಹೇಗೆ? ನಡುರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡೋದು? ಊಟ ಬೇಡ ಅಂದರೆ ಏನು ಮಾಡೋದು? ಮನೆಗೆ ಕರ್ಕೊಂಡು ಹೋಗೋದು ಅಂದರೆ ಗಂಡಸರ ಲೆಕ್ಕದಲ್ಲಿ ಬಿಲ್ಲು, ಆಂಬುಲೆನ್ಸು. ನಮ್ಮ ಲೆಕ್ಕದಲ್ಲಿ ಬೆಡ್‌ಪ್ಯಾನು, ಗಂಜಿ, ಒದ್ದೆ ಬೆಡ್‌ಶೀಟು, ನಿದ್ದೆಯಿಲ್ಲದ ರಾತ್ರಿ!

ಅತ್ತೆಗೆ ಅಂಡಾಶಯದ ಕ್ಯಾನ್ಸರ್. ಆಪರೇಷನ್, ಕೀಮೋ ಎಲ್ಲ ಆಗಿ, ಮತ್ತೆ ಹೊಟ್ಟೆ ತುಂಬ ಹರಡಿತ್ತು. ಆ ದಿನದಿಂದ ಅವರು ಹನ್ನೊಂದು ವಾರ ನಮ್ಮೊಂದಿಗಿದ್ದರು. ಮೊದಲ ಮೂರು ವಾರ ನರಕ. ಉಳಿದ ಎಂಟು ವಾರ ಹಾಗಿರಲಿಲ್ಲ. ಕಾಯಿಲೆಯೇನೂ ಬದಲಾಗಲಿಲ್ಲ, ಬದಲಾದದ್ದು ಒಂದು ಫೋನ್ ಕರೆಯಿಂದ. ಆ ಫೋನನ್ನು ಮೂರು ವಾರ ಮೊದಲೇ ಮಾಡಬಹುದಿತ್ತಲ್ಲ ಅನ್ನೋ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ನಿಮ್ಮೊಂದಿಗೆ ಈ ಮಾತು.

ಸಾಯೋಕೆ ಕಳಿಸೋ ಜಾಗವೇ?

‘ಹಾಸ್ಪಿಸ್’ ಅಂದಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ಹೌಹಾರಿದರು. ‘ಅಮ್ಮನ್ನ ಅಲ್ಲಿಗೆ ಹಾಕ್ತೀರಾ? ಜನ ಏನಂತಾರೆ?’ ಅಂತ ದಾವಣಗೆರೆಯಿಂದ ನಾದಿನಿ ಫೋನಲ್ಲೇ ಅತ್ತರು. ಅದೊಂದು ಅನಾಥಾಶ್ರಮದ ಥರ ಅಂತಲೇ ನಾನೂ ತಿಳಿದಿದ್ದೆ.

ವಾಸಿ ಮಾಡಲಾಗದ ಕಾಯಿಲೆ ಬಂದವರ ನೋವು, ಉಸಿರಾಟದ ಕಷ್ಟ, ವಾಂತಿ, ಹುಣ್ಣು, ಭಯ ಇವನ್ನು ಕಡಿಮೆ ಮಾಡೋದೇ ಒಂದು ಚಿಕಿತ್ಸೆ. ಅದಕ್ಕೆ ‘ಪ್ಯಾಲಿಯೇಟಿವ್ ಕೇರ್’, ಉಪಶಮನ ಆರೈಕೆ ಅಂತಾರೆ. ಇದಕ್ಕಾಗಿಯೇ ಇರೋ ಜಾಗ ಹಾಸ್ಪಿಸ್. ಇಂದಿನ ಹಾಸ್ಪಿಸ್‌ಗಳಿಗೆ ದಾರಿ ತೋರಿಸಿದ್ದು ಲಂಡನ್ನಿನಲ್ಲಿ 1967ರಲ್ಲಿ ಸಿಸಿಲಿ ಸಾಂಡರ್ಸ್ ಆರಂಭಿಸಿದ ಸೇಂಟ್ ಕ್ರಿಸ್ಟೋಫರ್ಸ್. ಆಕೆ ಮೊದಲು ನರ್ಸ್. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಸಾಯುತ್ತಿರುವವರ ನೋವು ನೋಡಲಾರದೆ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿದ ಹೆಣ್ಣುಮಗಳು. ನಮ್ಮ ದೇಶದಲ್ಲಿ ಮುಂಬೈನ ಶಾಂತಿ ಅವೇದನಾ 1986ರಲ್ಲಿ ಶುರುವಾಯಿತು. ಬೆಂಗಳೂರಿನ ಮಾರತ್‌ಹಳ್ಳಿ ಬಳಿ ‘ಕರುಣಾಶ್ರಯ’ ಇದೆ. ಅದನ್ನು ನಡೆಸುವ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮೊದಲು ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಲು ಶುರುಮಾಡಿ, 1999ರಲ್ಲಿ ಹಾಸ್ಪಿಸ್ ತೆರೆದರು. ಕೊನೇ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ.

ನಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಅಂದರೆ, ಇಂಥ ಆರೈಕೆಗೆ ರೋಗಿಯನ್ನು ಎಲ್ಲಿಗೂ ಕಳಿಸಲೇಬೇಕು ಅಂತಿಲ್ಲ. ಎಷ್ಟೋ ಊರುಗಳಲ್ಲಿ ನರ್ಸ್, ಆಪ್ತಸಮಾಲೋಚಕರು, ಬೇಕಾದಾಗ ಡಾಕ್ಟರ್ ಮನೆಗೇ ಬರುತ್ತಾರೆ. ಕೇರಳದಲ್ಲಂತೂ 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಕೆಲಸ ಊರೂರಿಗೆ ಹಬ್ಬಿ, ಸಾಮಾನ್ಯ ಜನರೇ ವಾರಕ್ಕಿಷ್ಟು ಗಂಟೆ ಅಂತ ರೋಗಿಗಳ ಮನೆಗೆ ಹೋಗುತ್ತಾರೆ. 2008ರಲ್ಲಿ ಅಲ್ಲಿನ ಸರಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ನಮ್ಮ ಮನೆಗೂ ವಾರಕ್ಕೆರಡು ಸಲ ಒಬ್ಬ ನರ್ಸ್ ಬರುತ್ತಿದ್ದರು. ಅತ್ತೆ ತೀರಿಕೊಂಡಿದ್ದು ಮನೆಯಲ್ಲೇ, ತಮ್ಮ ಮಂಚದ ಮೇಲೇ.

ಮಾರ್ಫೀನ್ ಎಂಬ ಗುಮ್ಮ

ಮೊದಲ ಮೂರು ವಾರ ನರಕ ಅಂದೆನಲ್ಲ, ಅದಕ್ಕೆ ಮುಖ್ಯ ಕಾರಣ ನೋವು. ಅತ್ತೆ ಕೂಗುವವರಲ್ಲ. ಗೋಡೆ ಕಡೆ ತಿರುಗಿ, ಸೆರಗಿನ ತುದಿ ಕಚ್ಚಿಕೊಂಡು ಮಲಗುತ್ತಿದ್ದರು. ‘ನೋವಾ ಅತ್ತೆ?’ ಅಂದರೆ ‘ಏನಿಲ್ಲ ಕಣೇ, ನೀನು ಮಲಕ್ಕೋ’. ನಾವು ಹೆಂಗಸರು ನೋವು ಹೇಳಿಕೊಳ್ಳೋದನ್ನು ಕಲಿತೇ ಇಲ್ಲವಲ್ಲ! ಮನೆಗೆ ಬಂದ ನರ್ಸ್ ಬೇರೆ ಥರ ಕೇಳಿದರು. ‘ಅಮ್ಮಾ, ನೋವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ಈಗ ಎಷ್ಟು?’ ಅತ್ತೆ ಸುಮ್ಮನಿದ್ದು, ಮೆಲ್ಲಗೆ ‘ಎಂಟು’ ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಮೊದಲು ಪ್ಯಾರಾಸಿಟಮಾಲ್‌ನಂಥವು, ಸಾಲದಿದ್ದರೆ ಅದಕ್ಕಿಂತ ಬಲವಾದವು, ತೀವ್ರ ನೋವಿಗೆ ಮಾರ್ಫೀನ್. ಹೆಸರು ಕೇಳಿಯೇ ನನ್ನ ಯಜಮಾನರು ‘ಅಯ್ಯೋ, ಅದು ಅಫೀಮು ಕಣ್ರೀ, ಚಟ ಹತ್ತುತ್ತೆ’ ಅಂದರು. ಮಾರ್ಫೀನ್ ಅಫೀಮಿನಿಂದಲೇ ಬರೋದು, ನಿಜ. ಆದರೆ ನೋವಿಗೆ ತಕ್ಕಷ್ಟು, ವೈದ್ಯರು ಹೇಳಿದ ಹಾಗೆ ನುಂಗಿದ ಕ್ಯಾನ್ಸರ್ ರೋಗಿಗೆ ಚಟ ಹತ್ತುವುದು ತೀರಾ ಅಪರೂಪ. ‘ಅದು ಕೊಟ್ಟರೆ ಬೇಗ ಹೋಗಿಬಿಡ್ತಾರೆ’ ಅನ್ನೋದೂ ತಪ್ಪು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಆಯಸ್ಸು ಕಡಿಮೆ ಮಾಡುವುದಿಲ್ಲ.

ಎರಡು ಮಾತು ಮಾತ್ರ ನೆನಪಿಡಿ. ನೋವು ಬಂದಾಗ ಕೊಟ್ಟರಾಯಿತು ಅಂತ ಕಾಯಬೇಡಿ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ, ಆದ್ದರಿಂದ ಗಡಿಯಾರ ನೋಡಿ ಕೊಡಬೇಕು. ಇನ್ನೊಂದು, ಮಾರ್ಫೀನ್ ತಗೊಂಡವರಿಗೆ ಮಲಬದ್ಧತೆ ಆಗಿಯೇ ಆಗುತ್ತೆ. ಮೊದಲ ದಿನದಿಂದಲೇ ಅದಕ್ಕೂ ಔಷಧ ಬರೆಸಿಕೊಳ್ಳಿ. ನಾವು ಇದನ್ನು ಉದಾಸೀನ ಮಾಡಿ ಐದು ದಿನ ಪಟ್ಟ ಪಾಡು ನಿಮಗೆ ಬೇಡ!

ಇಷ್ಟು ಒಳ್ಳೆಯ ಔಷಧ ಎಲ್ಲ ಅಂಗಡಿಯಲ್ಲೂ ಯಾಕಿಲ್ಲ? 1985ರ ಮಾದಕವಸ್ತು ಕಾಯ್ದೆಯ ಬಿಗಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಇಟ್ಟುಕೊಳ್ಳೋದನ್ನೇ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿಯಾಗಿ ನಿಯಮ ಸಡಿಲವಾಗಿದೆ. ಅಫೀಮು ಬೆಳೆಯುವ ನಮ್ಮ ದೇಶದಲ್ಲೇ ಜನ ನೋವಿನಿಂದ ನರಳಿ ಸಾಯುವ ಈ ವಿಚಿತ್ರದ ವಿರುದ್ಧ ಕೇರಳದ ಡಾ. ಎಂ.ಆರ್. ರಾಜಗೋಪಾಲ್ ವರ್ಷಗಟ್ಟಲೆ ಹೋರಾಡಿದ್ದಾರೆ. ಬೆಂಗಳೂರಿನ ಕಿದ್ವಾಯಿ, ಸೇಂಟ್ ಜಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಉಪಶಮನ ವಿಭಾಗಗಳಿವೆ. ಅಲ್ಲಿ ಕೇಳಿ.

ಮಾತ್ರೆ ಶುರುವಾದ ನಾಲ್ಕನೇ ದಿನ ಅತ್ತೆ ಎದ್ದು ಕೂತು ಹತ್ತಿ ಕೇಳಿದರು. ದಿಂಬಿಗೊರಗಿ ಹೂಬತ್ತಿ ಹೊಸೆದರು. ಶ್ರಾವಣಕ್ಕೆ ಸಾಕಾಗುವಷ್ಟು!

‘ಒಂದು ತುತ್ತು ತಿನ್ನಮ್ಮಾ...’

ಅಷ್ಟರಲ್ಲಿ ನಾದಿನಿ ಬಂದಿಳಿದರು. ಅವರ ಸಂಕಟ ಅವರಿಗೆ. ರಾಗಿ ಗಂಜಿ, ಎಳನೀರು, ದಾಳಿಂಬೆ ರಸ ಅಂತ ಗಂಟೆಗೊಂದು ಲೋಟ. ಅತ್ತೆ ಬಾಯಿ ಮುಚ್ಚಿಕೊಂಡರೆ ಚಮಚದಲ್ಲಿ ಬಲವಂತ. ಮೂರನೇ ದಿನ ಎಲ್ಲ ವಾಂತಿ. ‘ನೀನು ಸರಿಯಾಗಿ ತಿನ್ನಿಸಿಲ್ಲ, ಅದಕ್ಕೇ ಹೀಗೆ ಬಡವಾಗಿದಾಳೆ’ ಅಂತ ನನ್ನ ಮೇಲೂ ಒಂದು ಮಾತು ಬಂತು. ಹನ್ನೆರಡು ವರ್ಷ ಅಡುಗೆಮಾಡಿ ಬಡಿಸಿದ ಕೈಗೆ ಆ ಮಾತು ಎಷ್ಟು ಚುಚ್ಚಿತು ಅಂತ ನಿಮಗೆ ಹೇಳಬೇಕಾಗಿಲ್ಲ.

ನರ್ಸ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ‘ತಿನ್ನದೇ ಇರೋದರಿಂದ ಅವರು ಸಾಯ್ತಾ ಇಲ್ಲಕ್ಕಾ. ದೇಹ ಮುಗೀತಾ ಬಂದಿದೆ, ಅದಕ್ಕೇ ಅದು ಊಟ ಕೇಳ್ತಾ ಇಲ್ಲ.’ ನಾದಿನಿ ಅವತ್ತಿಡೀ ಮಾತಾಡಲಿಲ್ಲ. ಮಾರನೇ ದಿನದಿಂದ ಅವರ ಕೆಲಸ ಬದಲಾಯಿತು. ಕೇಳಿದಾಗ ಎರಡು ಚಮಚ ಮಜ್ಜಿಗೆ, ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸೋದು, ತುಟಿಗೆ ಸ್ವಲ್ಪ ಬೆಣ್ಣೆ. ಅಮ್ಮನ ಕಾಲಿಗೆ ಎಣ್ಣೆ ಹಚ್ಚುತ್ತ ಇಬ್ಬರೂ ಹಳೇ ಊರಿನ ಮಾತಾಡುತ್ತಿದ್ದರು.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಹಿಮ್ಮಡಿ ಹುಣ್ಣಾಗುತ್ತೆ. ಏರ್‌ಬೆಡ್ ಬಾಡಿಗೆಗೆ ಸಿಗುತ್ತದೆ. ಉಸಿರು ಕಟ್ಟಿದ ಹಾಗಾದರೆ ತಲೆ ಎತ್ತರಿಸಿ, ಮುಖಕ್ಕೆ ಸಣ್ಣ ಫ್ಯಾನ್ ಇಡಿ. ಬಾಯಿ ಅಥವಾ ಸ್ತನದ ಹುಣ್ಣಿನಿಂದ ವಾಸನೆ ಬರುತ್ತಿದ್ದರೆ, ರೋಗಿ ಅವಮಾನದಿಂದ ಯಾರನ್ನೂ ಹತ್ತಿರ ಸೇರಿಸದಿದ್ದರೆ, ಸುಮ್ಮನಿರಬೇಡಿ. ಅದಕ್ಕೂ ಔಷಧವಿದೆ, ನರ್ಸನ್ನು ಕೇಳಿ.

ಅವರಿಗೆ ಹೇಳಬೇಕಾ?

ನಾವು ಹೇಳಿರಲಿಲ್ಲ. ‘ಇನ್ಫೆಕ್ಷನ್ ಅಷ್ಟೇ, ವಾಸಿಯಾಗುತ್ತೆ’ ಅಂತ ಮನೆಮಂದಿಯೆಲ್ಲ ನಾಟಕ. ಒಂದು ಮಧ್ಯಾಹ್ನ ಅತ್ತೆ ನನ್ನ ಕೈ ಹಿಡಿದು, ‘ನಿಂಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಎಷ್ಟು ದಿನ ಅಂದ್ರು?’ ಅಂದರು. ನಾನು ಹೇಳಿಬಿಟ್ಟೆ. ಅವರು ಅಳಲಿಲ್ಲ. ಹೂವಿನವಳಿಗೆ ಕೊಟ್ಟ ಐದು ಸಾವಿರ ವಾಪಸ್ ಕೇಳಬಾರದು, ಪೆನ್ಷನ್ ಪಾಸ್‌ಬುಕ್ ದೇವರಮನೆ ಡಬ್ಬದಲ್ಲಿದೆ, ಇನ್ನು ಆಸ್ಪತ್ರೆಗೆ ಒಯ್ಯಬೇಡಿ, ಮೂಗಿಗೆ ನಳಿಗೆ ಹಾಕಿಸಬೇಡಿ. ಅವರ ಪಟ್ಟಿ ಸಿದ್ಧವಾಗೇ ಇತ್ತು!

ಎಲ್ಲರಿಗೂ ಹೇಳಲೇಬೇಕು ಅಂತ ನಾನು ಹೇಳೋದಿಲ್ಲ. ಕೆಲವರಿಗೆ ತಿಳಿಯುವುದು ಬೇಡವಾಗಿರುತ್ತೆ. ಆದರೆ ಕೇಳಿದವರಿಗೆ ಸುಳ್ಳು ಹೇಳಬೇಡಿ. ಕೊನೆಯಲ್ಲಿ ಯಂತ್ರಗಳ ಮೇಲೆ ಇಡಬೇಡಿ ಅಂತ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಸರಳಗೊಳಿಸಿದೆ. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿತು.

ನಿಮ್ಮನ್ನು ಯಾರು ನೋಡ್ಕೋತಾರೆ?

ಒಂದು ರಾತ್ರಿ, ನಾಲ್ಕನೇ ಸಲ ಬೆಡ್‌ಶೀಟ್ ಬದಲಿಸುವಾಗ ‘ಬೇಗ ಮುಗಿದುಹೋಗಲಿ ದೇವರೇ’ ಅಂದುಕೊಂಡುಬಿಟ್ಟೆ. ಮರುಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇದನ್ನು ಆಪ್ತಸಮಾಲೋಚಕಿಗೆ ಹೇಳಿದಾಗ ಅವರು ಬೆಚ್ಚಲಿಲ್ಲ. ‘ನೋಡಿಕೊಳ್ಳೋರಲ್ಲಿ ತುಂಬಾ ಜನ ಹೀಗೆ ಹೇಳ್ತಾರಮ್ಮ. ನೀವು ಎಷ್ಟು ಗಂಟೆ ನಿದ್ದೆ ಮಾಡ್ತಿದೀರಾ?’ ಅಂತ ಕೇಳಿದರು. ಎರಡು ಗಂಟೆ! ಅವತ್ತೇ ಯಜಮಾನರನ್ನೂ ಕರೆದು ಪಾಳಿ ಹಾಕಿಸಿದರು. ರಾತ್ರಿ ಹನ್ನೊಂದರವರೆಗೆ ನಾನು, ಆಮೇಲೆ ಅವರು. ಅಮ್ಮನ ಡಯಾಪರ್ ಬದಲಿಸೋಕೆ ಮಗನಿಗೆ ಮೊದಲೆರಡು ದಿನ ಸಂಕೋಚ ಇತ್ತು, ಆಮೇಲೆ ಹೋಯಿತು. ಪಾಳಿಗೆ ಮನೆಯಲ್ಲಿ ಇನ್ನೊಬ್ಬರು ಇಲ್ಲದಿದ್ದರೆ, ರೋಗಿಯನ್ನು ಕೆಲವು ದಿನ ಹಾಸ್ಪಿಸ್‌ಗೆ ಸೇರಿಸಿಕೊಂಡು, ನೋವು ಹತೋಟಿಗೆ ತಂದು ಮತ್ತೆ ಮನೆಗೆ ಕಳಿಸಿ ಅಂತ ಕೇಳಬಹುದು. ಇದು ಕೈಬಿಡೋದಲ್ಲ.

ಮನೆಯಲ್ಲೇ ತೀರಿಕೊಂಡರೆ ಗಾಬರಿಯಲ್ಲಿ ಮರೆತುಹೋಗುವ ಕೆಲಸ ಒಂದಿದೆ. ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಬೇಕು. ಚಿತಾಗಾರದಲ್ಲಿ ಅದನ್ನು ಕೇಳುತ್ತಾರೆ. 21 ದಿನದೊಳಗೆ ನೋಂದಣಿಯೂ ಆಗಬೇಕು. ಯಾವ ಡಾಕ್ಟರು ಬಂದು ಬರೆದುಕೊಡುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಯ ಎರಡು ದಿನ ಅತ್ತೆ ಬರೀ ನಿದ್ದೆಯಲ್ಲಿದ್ದರು. ಗಂಟಲಲ್ಲಿ ಗೊರಗೊರ ಸದ್ದು. ಕೇಳೋಕೆ ನಮಗೆ ಭಯ, ಅವರಿಗೆ ಅದರಿಂದ ಹಿಂಸೆಯಾಗುತ್ತಿರಲಿಕ್ಕಿಲ್ಲ ಅಂತ ನರ್ಸ್ ಹೇಳಿದ್ದರಿಂದ ಆಸ್ಪತ್ರೆಗೆ ಓಡಲಿಲ್ಲ. ‘ಮಾತಾಡ್ತಾ ಇರಿ, ಕೇಳಿಸ್ತಾ ಇರಬಹುದು’ ಅಂದಿದ್ದರು. ನಾದಿನಿ ಕಿವಿಯ ಹತ್ತಿರ ಮೆಲ್ಲಗೆ ದೇವರನಾಮ ಹೇಳುತ್ತಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ನರ್ಸ್ ಇನ್ನೊಮ್ಮೆ ಬಂದರು. ಉಳಿದ ಮಾರ್ಫೀನ್ ಮಾತ್ರೆಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದು, ನನ್ನ ಸಹಿ ತಗೊಂಡು ವಾಪಸ್ ಒಯ್ದರು. ಹೋಗುವಾಗ ಅವರ ಕೈಯಲ್ಲಿ ಒಂದು ಡಬ್ಬಿ ಹೂಬತ್ತಿ ಇಟ್ಟೆ.