ಬಿಳಿ ಬಟ್ಟೆ, ಕೈಟಾರ್ಚು, ಒಂದು ಕನ್ನಡಿ

ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ 1956ರಲ್ಲಿ ತೆರೆಕಂಡಿತು. ಕತೆಯ ಮೊದಲ ಭಾಗ ನಡೆಯುವುದು ಕಾಶಿಯ ಹಳೆಯ ಮನೆಯೊಂದರಲ್ಲಿ. ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು. ಅಂಗಳದ ಮೇಲಿನ ಆಕಾಶದಿಂದ ಇಳಿಯುವ ಬೆಳಕೇ ಇಡೀ ಮನೆಗೆ ಆಧಾರ. ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಆ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದೊಳಗೆ ಕಟ್ಟಿಸಿದರು. ಈಗ ಸಮಸ್ಯೆ ಛಾಯಾಗ್ರಾಹಕ ಸುಬ್ರತ ಮಿತ್ರ ಅವರದು. ಸ್ಟುಡಿಯೊದ ದೀಪಗಳನ್ನು ನೇರವಾಗಿ ಹಾಯಿಸಿದರೆ ಒಂದೊಂದು ದೀಪಕ್ಕೂ ಒಂದೊಂದು ಗಡಸು ನೆರಳು ಬೀಳುತ್ತದೆ. ಆಕಾಶದ ಬೆಳಕಿಗೆ ಅಂಥ ನೆರಳಿಲ್ಲ. ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆಯನ್ನು ಎಳೆದು ಕಟ್ಟಿಸಿದರು, ದೀಪಗಳನ್ನು ಕೆಳಗಿನಿಂದ ಆ ಬಟ್ಟೆಯ ಕಡೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಚದುರಿ ಕೆಳಗಿಳಿದ ಬೆಳಕಿನಲ್ಲಿ ಅದು ಕಾಶಿಯ ಅಂಗಳವೇ ಆಯಿತು.

ಇವತ್ತು ಫೋಟೊ ತೆಗೆಯುವುದನ್ನು ಕಲಿಯುತ್ತಿರುವ ಹುಡುಗ ಹುಡುಗಿಯರು ಒಳ್ಳೆಯ ಬೆಳಕಿಗೆ ದುಬಾರಿ ದೀಪಗಳೇ ಬೇಕೆಂದು ನಂಬಿರುವುದನ್ನು ಕಂಡಾಗಲೆಲ್ಲ ನನಗೆ ಮಿತ್ರರ ಬಟ್ಟೆ ನೆನಪಾಗುತ್ತದೆ. ಚಿತ್ರದಲ್ಲಿ ಬೆಳಕು ಹೇಗೆ ಕಾಣುತ್ತದೆ ಎಂಬುದು ಮುಖ್ಯವಾಗಿ ಮೂರು ಸಂಗತಿಗಳಿಂದ ತೀರ್ಮಾನವಾಗುತ್ತದೆ: ವಸ್ತುವಿನ ಜಾಗದಲ್ಲಿ ನಿಂತು ನೋಡಿದರೆ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ, ಎಷ್ಟು ದೂರದಲ್ಲಿದೆ, ಯಾವ ಕೋನದಿಂದ ಬರುತ್ತದೆ. ಈ ಮೂರನ್ನೂ ಮನೆಯ ಸಾಮಾನಿನಿಂದಲೇ ಬದಲಿಸಬಹುದು.

ಮೊದಲು ಗಾತ್ರ. ಕತ್ತಲ ಕೋಣೆಯಲ್ಲಿ ಒಂದು ಸಣ್ಣ ಟಾರ್ಚ್ ಹಚ್ಚಿ, ಗೋಡೆಯ ಮುಂದೆ ಕೈ ಹಿಡಿಯಿರಿ. ಬೆರಳುಗಳ ನೆರಳು ಕತ್ತರಿಸಿಟ್ಟಂತೆ ಮೂಡುತ್ತದೆ. ಈಗ ಟಾರ್ಚಿನ ಮುಂದೆ ಸ್ವಲ್ಪ ದೂರದಲ್ಲಿ ಒಂದು ಬಿಳಿ ಪಂಚೆಯನ್ನು ಹರವಿ ಹಿಡಿಸಿ. ಬೆಳಕು ಪಂಚೆಯ ಮೇಲೆಲ್ಲ ಹರಡಿಕೊಂಡ ಕೂಡಲೇ ನೆರಳಿನ ಅಂಚು ಕರಗುತ್ತದೆ. ಪಂಚೆಯ ಎಡತುದಿಯಿಂದ ಬರುವ ಬೆಳಕಿಗೆ ಬೆರಳು ಅಡ್ಡ ಬಂದರೂ ಬಲತುದಿಯ ಬೆಳಕು ಬೆರಳನ್ನು ಬಳಸಿ ಅದೇ ಜಾಗಕ್ಕೆ ತಲುಪುತ್ತದೆ. ಹೀಗೆ ಪೂರ್ತಿ ಕತ್ತಲೂ ಅಲ್ಲದ, ಪೂರ್ತಿ ಬೆಳಕೂ ಅಲ್ಲದ ಅರೆನೆರಳು ಅಗಲವಾಗುತ್ತದೆ. ಮುಖದ ಮೇಲೆ ಇದೇ ಅರೆನೆರಳು ಕೆನ್ನೆಯಿಂದ ಕಿವಿಯವರೆಗೆ ಮೆಲ್ಲಗೆ ಇಳಿಯುವ ಛಾಯೆಯಾಗಿ ಕಾಣುತ್ತದೆ. ಅದನ್ನೇ ನಾವು ಮೃದು ಬೆಳಕು ಎನ್ನುವುದು.

ಇಲ್ಲಿ ಲೆಕ್ಕಕ್ಕೆ ಬರುವುದು ಮೂಲದ ನಿಜವಾದ ಗಾತ್ರ ಅಲ್ಲ, ಕಾಣುವ ಗಾತ್ರ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ. ಹಾಗಾಗಿ ಮಧ್ಯಾಹ್ನದ ಬಿಸಿಲು ಗಡಸು. ಅದೇ ಸೂರ್ಯ ಮೋಡದ ಹಿಂದೆ ಸರಿದರೆ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಮಾಯವಾಗುತ್ತದೆ. ಒಂದು ಮೀಟರ್ ಅಗಲದ ಬಟ್ಟೆಯನ್ನು ಮುಖದಿಂದ ಒಂದು ಮೀಟರ್ ದೂರದಲ್ಲಿ ಕಟ್ಟಿದರೆ ಅದು 50 ಡಿಗ್ರಿಗೂ ಅಗಲವಾಗಿ ಹರಡಿರುತ್ತದೆ. ಐದು ಮೀಟರ್ ಆಚೆ ಒಯ್ದರೆ ಸುಮಾರು 11 ಡಿಗ್ರಿ. ಬಟ್ಟೆ ಅದೇ, ದೀಪ ಅದೇ, ಬೆಳಕು ಮಾತ್ರ ಬೇರೆ. ಬಟ್ಟೆ, ಬಟರ್ ಪೇಪರ್, ಬಿಳಿ ಗೋಡೆ ಯಾವುದನ್ನು ಬಳಸಿದರೂ ಚೌಕಟ್ಟಿನೊಳಗೆ ಬಾರದಷ್ಟು ಹತ್ತಿರ ತನ್ನಿ. ಗೋಡೆಗೆ ಬಣ್ಣವಿದ್ದರೆ ಆ ಬಣ್ಣ ಮುಖಕ್ಕೂ ಅಂಟುತ್ತದೆ ಎಂಬುದು ನೆನಪಿರಲಿ. ಬಿಸಿಯಾಗುವ ಬಲ್ಬಿಗೆ ಕಾಗದ, ಬಟ್ಟೆ ತಾಗದಂತೆಯೂ ನೋಡಿಕೊಳ್ಳಿ.

ಬೇರೆಯವರ ಚಿತ್ರಗಳಿಂದ ಇದನ್ನು ಕಲಿಯಲು ಒಂದು ದಾರಿಯಿದೆ. ಭಾವಚಿತ್ರದಲ್ಲಿ ಕಣ್ಣಿನ ಪಾಪೆಯ ಬಳಿ ಮಿನುಗುವ ಚುಕ್ಕೆಯನ್ನು ಹಿಗ್ಗಿಸಿ ನೋಡಿ. ಕಣ್ಣು ಉಬ್ಬುಗನ್ನಡಿ, ಎದುರಿಗಿದ್ದ ದೀಪದ ಆಕಾರ ಅದರಲ್ಲಿ ಅಚ್ಚಾಗಿರುತ್ತದೆ. ಚೌಕವಾಗಿದ್ದರೆ ಕಿಟಕಿ, ಸೂಜಿಮೊನೆಯಷ್ಟಿದ್ದರೆ ಬರಿಯ ಬಲ್ಬು.

ಎರಡನೆಯದು ದೂರ. ಸಣ್ಣ ದೀಪದ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ ನಿಯಮಕ್ಕೆ ಫೋಟೊದಲ್ಲಿ ತುಂಬಾ ಕೆಲಸವಿದೆ. ದೀಪವನ್ನು ಮುಖದಿಂದ ಅರ್ಧ ಮೀಟರಿನಲ್ಲಿಟ್ಟು, ಹಿಂದಿನ ಗೋಡೆ ದೀಪದಿಂದ ಎರಡು ಮೀಟರ್ ದೂರದಲ್ಲಿದ್ದರೆ, ಗೋಡೆಗೆ ಸಿಗುವುದು ಮುಖಕ್ಕೆ ಸಿಕ್ಕಿದ್ದರ ಹದಿನಾರರಲ್ಲಿ ಒಂದು ಪಾಲು. ಗೋಡೆ ಬಿಳಿಯಾಗಿದ್ದರೂ ಚಿತ್ರದಲ್ಲಿ ಗಾಢ ಬೂದಿಯಾಗಿ ಹಿಂದೆ ಸರಿಯುತ್ತದೆ. ಅದೇ ದೀಪವನ್ನು ಮುಖದಿಂದ ಮೂರು ಮೀಟರ್ ಹಿಂದಕ್ಕೆ ಒಯ್ದರೆ ಗೋಡೆ ದೀಪದಿಂದ ನಾಲ್ಕೂವರೆ ಮೀಟರಿನಲ್ಲಿರುತ್ತದೆ. ಆಗ ಅದಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಬೆಳಕು ಸಿಗುತ್ತದೆ. ದೀಪವನ್ನು ಮುಖದ ಹತ್ತಿರ ತರುವುದೇ ಕಪ್ಪು ಪರದೆಯನ್ನು ಕೊಳ್ಳದೆ ಕಪ್ಪು ಹಿನ್ನೆಲೆ ಪಡೆಯುವ ಉಪಾಯ. ಮನೆಮಂದಿಯೆಲ್ಲ ಕೂಡಿದ ಚಿತ್ರಕ್ಕೆ ಇದರ ವಿರುದ್ಧ ಮಾಡಬೇಕು: ಮುಂದೆ ಕುಳಿತ ಅಜ್ಜಿಗೂ ಹಿಂದೆ ನಿಂತ ಮೊಮ್ಮಗನಿಗೂ ಸರಿಸಮ ಬೆಳಕು ಬೀಳಲು ದೀಪ ದೂರವಿರಬೇಕು. ಇನ್ನು ಕಿಟಕಿಯ ಪಕ್ಕ ಕೂರಿಸಿದವರ ಒಂದು ಕೆನ್ನೆ ತೀರಾ ಕತ್ತಲಾದರೆ ಆ ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿಯಿರಿ. ಕತ್ತಲು ಸಾಲದೆನಿಸಿದರೆ ಅಲ್ಲಿ ಕಪ್ಪು ಬಟ್ಟೆ ತೂಗಿಹಾಕಿ. ಕೋಣೆಯಲ್ಲಿ ಅಲೆದಾಡುವ ಬೆಳಕನ್ನು ಅದು ಹೀರಿಕೊಂಡು ಮುಖದ ಗೆರೆಗಳನ್ನು ಎದ್ದು ತೋರಿಸುತ್ತದೆ.

ದೀಪ ಒಂದೇ ಇದ್ದು, ಅದೂ ಚಿಕ್ಕದಾಗಿದ್ದರೆ ಸಮಯವನ್ನು ಬಳಸಿಕೊಳ್ಳಬಹುದು. ಫ್ರಾನ್ಸಿನಲ್ಲಿ ಜಾರ್ಜ್ ದೆಮೆನಿ 1889ರಲ್ಲಿಯೇ ನಡೆಯುವ ಮನುಷ್ಯನ ಮೈಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ಕ್ಯಾಮೆರಾದ ಕಣ್ಣನ್ನು ತೆರೆದಿಟ್ಟು, ನಡಿಗೆಯ ಗೆರೆಗಳನ್ನು ಹಿಡಿದಿದ್ದರು. 1949ರಲ್ಲಿ ಜಾನ್ ಮಿಲಿ ಅವರ ಕ್ಯಾಮೆರಾದ ಎದುರು ಪಿಕಾಸೊ ಕತ್ತಲಲ್ಲಿ ದೀಪ ಹಿಡಿದು ಗಾಳಿಯಲ್ಲೇ ಚಿತ್ರ ಬಿಡಿಸಿದರು. ಗೆರೆ ಎಳೆಯುವುದರ ಜೊತೆಗೆ ಈ ವಿಧಾನಕ್ಕೆ ಇನ್ನೂ ಒಂದು ಶಕ್ತಿಯಿದೆ. ಮೊಬೈಲಿನ ಪ್ರೊ ಮೋಡಿನಲ್ಲಿ 20 ಸೆಕೆಂಡಿನ ಅವಧಿ ಇಟ್ಟು, ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ, ಕತ್ತಲ ಕೋಣೆಯಲ್ಲಿ ಒಂದು ಹಿತ್ತಾಳೆ ಚೊಂಬಿನ ಮೇಲೆ ಟಾರ್ಚನ್ನು ನಿಧಾನವಾಗಿ ಆಡಿಸಿ. ಟಾರ್ಚ್ ಹಾದುಹೋದ ಜಾಗಗಳೆಲ್ಲ ಸೇರಿ ಚಿತ್ರದಲ್ಲಿ ಒಂದೇ ದೊಡ್ಡ ದೀಪವಾಗುತ್ತವೆ. ಮಿತ್ರರ ಬಟ್ಟೆ ಬೆಳಕನ್ನು ಜಾಗದಲ್ಲಿ ಹರಡಿತು. ಆಡುವ ಟಾರ್ಚ್ ಅದನ್ನು ಕಾಲದಲ್ಲಿ ಹರಡುತ್ತದೆ. ಫಲ ಎರಡರಲ್ಲೂ ಮೃದು ನೆರಳೇ. ಬಲ್ಬು ನೇರವಾಗಿ ಕ್ಯಾಮೆರಾಕ್ಕೆ ಕಾಣದಂತೆ ಟಾರ್ಚಿನ ಬಾಯಿಗೆ ಕಪ್ಪು ಕಾಗದದ ಕೊಳವೆ ಸುತ್ತಿದರೆ ಸಾಕು.

ಅಗ್ಗದ ಎಲ್‌ಇಡಿಗಳಲ್ಲಿ ಎರಡು ಕುಂದುಗಳಿವೆ, ಅವನ್ನು ತಿಳಿದಿರಬೇಕು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಕಳಪೆ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಈ ಮಿಣುಕು ಚಿತ್ರದಲ್ಲಿ ಅಡ್ಡಪಟ್ಟೆಗಳಾಗಿ ಮೂಡುತ್ತದೆ. ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆಗಳು ಹೋಗುತ್ತವೆ. ಎರಡನೆಯದು ಬಣ್ಣ. ಕೆಲವು ಎಲ್‌ಇಡಿಗಳ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ. ಅದರಲ್ಲಿ ನಮ್ಮ ಮೈಬಣ್ಣ ಪೇಲವವಾಗಿ ಕಾಣುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕೆಯನ್ನು ಹುಡುಕಿ. 90ಕ್ಕಿಂತ ಹೆಚ್ಚಿದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಖರ್ಚು ಮಾಡುವುದಿದ್ದರೆ ಮಾಡಬೇಕಾದ್ದು ಇಲ್ಲಿ.

ಇನ್ನು ಮೂರನೆಯದು, ಕೋನ. ಇದಕ್ಕೆ ಕನ್ನಡಿಗಿಂತ ಒಳ್ಳೆಯ ಸಲಕರಣೆಯಿಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದ ವಿ.ಕೆ. ಮೂರ್ತಿ ಅವರು ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ 1959ರಲ್ಲಿ ತೋರಿಸಿದ್ದು ಇದನ್ನೇ. ಖಾಲಿ ಸ್ಟುಡಿಯೊದ ಕತ್ತಲಲ್ಲಿ ಮೇಲಿನಿಂದ ಇಳಿಯುವ ಒಂದು ಬೆಳಕಿನ ಕಂಬ ಬೇಕಿತ್ತು. ಸ್ಟುಡಿಯೊದ ದೀಪದ ಕಿರಣಗಳು ಸಾಗಿದಂತೆ ಅಗಲಕ್ಕೆ ಹರಡುತ್ತವೆ. ಸೂರ್ಯನ ಕಿರಣಗಳಾದರೋ ಅಷ್ಟು ದೂರದಿಂದ ಬರುವುದರಿಂದ ಹೆಚ್ಚುಕಡಿಮೆ ಸಮಾನಾಂತರ. ಮೂರ್ತಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಿಂದ ಒಳಕ್ಕೆ ಹಾಯಿಸಿ, ಒಳಗೆ ಮೇಲಿಟ್ಟ ಇನ್ನೊಂದು ಕನ್ನಡಿಯಿಂದ ನೆಲಕ್ಕಿಳಿಸಿದರು. ಗಾಳಿಯಲ್ಲಿನ ಹೊಗೆ, ದೂಳಿನ ಕಣಗಳು ಆ ಬೆಳಕನ್ನು ಚದುರಿಸಿದ್ದರಿಂದ ಕಂಬ ಕಣ್ಣಿಗೆ ಕಂಡಿತು. ಮುಂದೆ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಅದು 2008ನೇ ಸಾಲಿನ ಪ್ರಶಸ್ತಿ.

ಕೋನದ ಈ ಪಾಠ ನಮ್ಮೂರುಗಳ ಶಾಸನಗಳಿಗೂ ವೀರಗಲ್ಲುಗಳಿಗೂ ಬಲು ಉಪಯೋಗದ್ದು. ಸವೆದ ಶಾಸನದ ಎದುರು ನಿಂತು ಮೊಬೈಲಿನ ಫ್ಲ್ಯಾಷ್ ಹೊಡೆದರೆ ಅಕ್ಷರಗಳು ಅಳಿಸಿಹೋದಂತೆ ಕಾಣುತ್ತವೆ. ಬೆಳಕು ಕ್ಯಾಮೆರಾದ ಪಕ್ಕದಿಂದಲೇ ಬರುವುದರಿಂದ ನೆರಳುಗಳೆಲ್ಲ ಕ್ಯಾಮೆರಾಕ್ಕೆ ಮರೆಯಾಗುತ್ತವೆ. ನೆರಳಿಲ್ಲದಿದ್ದರೆ ಉಬ್ಬುತಗ್ಗು ತಿಳಿಯದು. ಟಾರ್ಚನ್ನು ಕಲ್ಲಿನ ಬದಿಗೆ ಒಯ್ದು ಕಲ್ಲಿನ ಮೈಯನ್ನು ಸವರುವಂತೆ ಬೆಳಕು ಹಾಯಿಸಿ. 45 ಡಿಗ್ರಿಯಲ್ಲಿ ಒಂದು ಮಿಲಿಮೀಟರ್ ಎತ್ತರದ ಅಂಚಿನ ನೆರಳು ಒಂದು ಮಿಲಿಮೀಟರ್. 10 ಡಿಗ್ರಿಗೆ ಇಳಿಸಿದರೆ ಅದು ಐದೂವರೆ ಮಿಲಿಮೀಟರ್ ದಾಟುತ್ತದೆ. ಕಾಣದಿದ್ದ ಸಾಲುಗಳು ಎದ್ದು ಬರುತ್ತವೆ. ಹಗಲಿನಲ್ಲಾದರೆ ಕಲ್ಲಿಗೆ ಕೊಡೆ ಹಿಡಿದು ನೆರಳು ಮಾಡಿ, ಬಿಸಿಲಲ್ಲಿ ನಿಂತವರು ಕನ್ನಡಿಯಿಂದ ಬೆಳಕನ್ನು ಬದಿಯಿಂದ ಹಾಯಿಸಬೇಕು. ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಬೆಳಕು ಎರಡು ಡಿಗ್ರಿ ಸರಿಯುತ್ತದೆ, ಆದ್ದರಿಂದ ಕೈ ನಿಧಾನವಿರಲಿ. ಯಾರ ಕಣ್ಣಿಗೂ ಆ ಬೆಳಕು ಬೀಳದಿರಲಿ.

ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕುವವರು, ಹಿಟ್ಟು ಬಳಿಯುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿಕ್ಕಿದಷ್ಟೂ ಸವೆದ ಕಲ್ಲು ಇನ್ನಷ್ಟು ಸವೆಯುತ್ತದೆ, ಪುಡಿ ಬಿರುಕುಗಳಲ್ಲಿ ಉಳಿಯುತ್ತದೆ. ಬೆಳಕು ಕಲ್ಲನ್ನು ಮುಟ್ಟದೆ ಅದೇ ಕೆಲಸ ಮಾಡಿಕೊಡುತ್ತದೆ.

ಒಂದೇ ಚಿತ್ರ ಸಾಲದು ಎಂಬುದಕ್ಕೂ ಕಾರಣ ಬೆಳಕಿನ ದಿಕ್ಕೇ. ಬೆಳಕು ಹರಿಯುವ ದಿಕ್ಕಿನಲ್ಲೇ ಕೊರೆದ ಗೀರಿಗೆ ನೆರಳು ಬೀಳದು. ಎಡದಿಂದ ಬೆಳಕು ಬಿದ್ದರೆ ಅಕ್ಷರದ ಅಡ್ಡಗೆರೆ ಮರೆಯಾಗುತ್ತದೆ, ಮೇಲಿನಿಂದ ಬಿದ್ದರೆ ಉದ್ದಗೆರೆ. ಇದಕ್ಕಾಗಿ 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಒಂದು ವಿಧಾನವನ್ನು ಪ್ರಕಟಿಸಿದರು: ಕ್ಯಾಮೆರಾವನ್ನು ಕದಲಿಸದೆ, ದೀಪವನ್ನು ಮಾತ್ರ ಬೇರೆ ಬೇರೆ ಕಡೆ ಇಟ್ಟು ಹತ್ತಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅವನ್ನು ಕೂಡಿಸುವುದು. 2005ರಲ್ಲಿ ಅಥೆನ್ಸಿನಲ್ಲಿ ಎರಡು ಸಾವಿರ ವರ್ಷ ಹಳೆಯ ಆಂಟಿಕಿತೆರಾ ಯಂತ್ರದ ಮೇಲಿನ ಬರಹಗಳನ್ನು ಓದಲು ಈ ವಿಧಾನ ನೆರವಾಯಿತು.

ಅಂಥ ತಂತ್ರಾಂಶ ಇಲ್ಲದಿದ್ದರೂ ಅದರ ಹಿಂದಿನ ವಿಚಾರ ನಮ್ಮದಾಗಬಹುದು. ಕೆರೆ ಏರಿಯ ಮೇಲೆ, ಗುಡಿಯ ಬಾಗಿಲಲ್ಲಿ, ಹೊಲದ ಬದುವಿನಲ್ಲಿ ಮಳೆಬಿಸಿಲಿಗೆ ನಿಂತ ಕಲ್ಲುಗಳು ವರ್ಷ ವರ್ಷವೂ ಸವೆಯುತ್ತಿವೆ. ಸಂಜೆ ಕತ್ತಲಾದ ಮೇಲೆ ಇಬ್ಬರು ಹೋಗಿ. ಒಬ್ಬರು ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಕಲ್ಲಿಗೆ ನೇರವಾಗಿ ನಿಲ್ಲಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಕಡೆಯಿಂದ ಬೆಳಕು ಹಾಯಿಸಲಿ. ಅಳತೆಗೆಂದು ಕಲ್ಲಿನ ಪಕ್ಕ ಒಂದು ಸ್ಕೇಲ್ ಇಡಿ. ನಾಲ್ಕೂ ಚಿತ್ರಗಳನ್ನು ಊರಿನ ಹೆಸರು, ತಾರೀಖು, ಬೆಳಕು ಬಂದ ದಿಕ್ಕು ಬರೆದು ಕಾಪಿಡಿ. ಹಳಗನ್ನಡ ಲಿಪಿ ಓದಬಲ್ಲವರು ಆ ಕಲ್ಲಿನವರೆಗೆ ಬರಲಾಗದಿದ್ದರೂ ನಿಮ್ಮ ಚಿತ್ರದಿಂದ ಓದಬಲ್ಲರು.