ಎದುರು ಕೂತವರು ಅಕ್ಕನೂ ಅಲ್ಲ, ಅಧಿಕಾರಿಯೂ ಅಲ್ಲ

ದೇವದುರ್ಗದ ಕಡೆಯ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಹೆರಿಗೆಯಾಗಿ ನಾಲ್ಕು ತಿಂಗಳು. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಗುವನ್ನು ಎತ್ತಿಕೊಂಡರೂ ಅಳು. ಸುಮಾರು 50 ಕಿ.ಮೀ. ಬಸ್ಸಿನಲ್ಲಿ ಬಂದು ರಾಯಚೂರಿನ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯ ಎದುರು ಕೂತಿದ್ದಾಳೆ. ಪಕ್ಕದಲ್ಲೇ ಅತ್ತೆ. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದ್ದು: "ಏನಿಲ್ರೀ ಮೇಡಂ, ಸುಮ್ನ ಅಳ್ತಾಳ. ಒಂದ್ ಸೂಜಿ ಮಾಡಿ ಕಳಸ್ರಿ."

"ಅಮ್ಮಾ, ನೀವು ಹತ್ತು ನಿಮಿಷ ಹೊರಗ ಕೂಡ್ರಿ. ಆಮ್ಯಾಲ ನಿಮ್ ಜೋಡಿನೂ ಮಾತಾಡ್ತೀನಿ" ಎನ್ನುತ್ತಾರೆ ಸಮಾಲೋಚಕಿ. ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ.

ಮಂಗಳೂರಿನ ಸುತ್ತ ಮೆಡಿಕಲ್ ಕಾಲೇಜುಗಳನ್ನು ಕಂಡ ನಮಗೆ ಈ ಕಷ್ಟ ಬೇಗ ಅರ್ಥವಾಗಲಿಕ್ಕಿಲ್ಲ. ಮಾನ್ವಿ, ದೇವದುರ್ಗದವರಿಗೆ ಮೆಡಿಕಲ್ ಕಾಲೇಜು ಬೇಕೆಂದರೆ ರಾಯಚೂರೇ ಗತಿ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಇಷ್ಟು ಖರ್ಚು ಮಾಡಿ ಬಂದವರು ಬಾಯಿ ಬಿಡದೆ ವಾಪಸಾದರೆ?

ಮಾತ್ರೆ ನುಂಗಲು ನಂಬಿಕೆ ಸ್ವಲ್ಪ ಸಾಕು. ಮಾತಿನ ಚಿಕಿತ್ಸೆಗೆ ಅಷ್ಟು ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಈ ಸಂಬಂಧಕ್ಕೆ ಮೂರು ಕಾಲು ಗುರುತಿಸಿದರು: ಏನು ಸರಿಯಾಗಬೇಕು ಎಂಬ ಒಪ್ಪಂದ, ಅದಕ್ಕೆ ಇಬ್ಬರೂ ಮಾಡುವ ಕೆಲಸ, ಮತ್ತು ಇಬ್ಬರ ನಡುವಿನ ನಂಟು. ನಮ್ಮವರೇ ಆದ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ ಅದಕ್ಕೂ ಮೊದಲು, 1973ರಲ್ಲಿ, ಭಾರತೀಯರಿಗೆ ಗುರು–ಶಿಷ್ಯ ಸಂಬಂಧದ ಮಾದರಿ ಹೊಂದುತ್ತದೆ ಎಂದಿದ್ದರು. ನಮ್ಮ ಜನ ವೈದ್ಯರಿಂದ ಬರೀ ಕೇಳುವ ಕಿವಿಯನ್ನಲ್ಲ, ದಾರಿ ತೋರಿಸುವ ಮಾತನ್ನೂ ಬಯಸುತ್ತಾರೆ, ನಿಜ.

ಆದರೆ ಇಲ್ಲೊಂದು ಗೆರೆ ಇದೆ. ಎರಡು ಸಲ ಮಾತಾಡಿದರೆ ಮೇಡಂ ಹೋಗಿ "ಅಕ್ಕಾ" ಆಗುತ್ತಾರೆ. ಕರೆಯಿರಿ, ತಪ್ಪಿಲ್ಲ. ಆದರೆ ಅವರು ಮನೆಗೆ ಊಟಕ್ಕೆ ಬರಲಿಲ್ಲ, ರಾತ್ರಿ ಫೋನ್ ಎತ್ತಲಿಲ್ಲ ಎಂದು ಬೇಸರ ಬೇಡ. ನೆಂಟಸ್ತಿಕೆ ಇಲ್ಲದ್ದರಿಂದಲೇ ಅತ್ತೆ, ಗಂಡ, ತವರು ಎಲ್ಲರ ವಿಷಯವನ್ನೂ ಅಲ್ಲಿ ಹೇಳಬಹುದು. ಚಿಕಿತ್ಸಕರೇ ಗೆರೆ ದಾಟಿ ಸಾಲ ಕೇಳಿದರೆ, ಸಲುಗೆ ತೋರಿದರೆ, ಅದು ತಪ್ಪು. ಎದ್ದು ಬನ್ನಿ, ದೂರು ಕೊಡಿ.

"ಊರಿಗೆಲ್ಲ ಗೊತ್ತಾದ್ರೆ?" ಸಣ್ಣ ಊರಿನ ದೊಡ್ಡ ಭಯ ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂತಹ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಮಾತನ್ನು ಸಿಕ್ಕಸಿಕ್ಕವರಿಗೆ ಹೇಳುವಂತಿಲ್ಲ. ಮೊದಲ ದಿನವೇ ಕೇಳಿಕೊಳ್ಳಿ: "ಇದು ಯಾರ್ಯಾರಿಗೆ ಗೊತ್ತಾಗ್ತದೆ?"

ಉಸ್ತಾದರ ಹತ್ತಿರ ದುಆ ಮಾಡಿಸಿದ್ದು, ತಾಯತ ಕಟ್ಟಿಸಿದ್ದು ಯಾವುದನ್ನೂ ಮುಚ್ಚಿಡಬೇಕಿಲ್ಲ. ಒಳ್ಳೆಯ ಚಿಕಿತ್ಸಕರು ನಗುವುದಿಲ್ಲ. ಅಳು ಬರುವುದು ಯಾವ ಭಾಷೆಯಲ್ಲೋ ಅದರಲ್ಲೇ ಹೇಳಿ, ದಖ್ಖನಿಯಾಗಲಿ, ಬ್ಯಾರಿಯಾಗಲಿ. ಅರ್ಥವಾಗದಿದ್ದರೆ ಅವರೇ ಕೇಳುತ್ತಾರೆ.

ಅವರ ಒಂದು ಮಾತು ಚುಚ್ಚಿದರೆ? ಹೆಚ್ಚಿನವರು ಸುಮ್ಮನೆ ಹೋಗುವುದನ್ನೇ ಬಿಡುತ್ತಾರೆ. ಬಿಡುವ ಮುಂಚೆ ಒಂದು ಸಲ ಅದನ್ನೇ ಹೇಳಿ ನೋಡಿ: "ಹೋದ ಸಲ ನೀವು ಹಾಗೆ ಅಂದದ್ದು ನನಗೆ ನೋವಾಯ್ತು." ಮನೆಯಲ್ಲಿ ಯಾರಿಗೂ ಹೇಳಲಾಗದ ಈ ವಾಕ್ಯವನ್ನು ಅಲ್ಲಿ ಹೇಳಲು ಕಲಿತರೆ ಅದೇ ಅರ್ಧ ಗುಣ. ಆಗಲೂ ಹೊಂದದಿದ್ದರೆ ಬೇರೆಯವರನ್ನು ಕೇಳಿ ಪಡೆಯಿರಿ.

ಬಸ್ಸು ಸಿಗದ ರಾತ್ರಿಗೆ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಬೆಳಿಗ್ಗೆ ಮಾತ್ರ ನಿಮ್ಮ ಕಥೆ ಗೊತ್ತಿರುವ ಅದೇ ಮೇಡಂ ಹತ್ತಿರ ಹೋಗಿ.

ಮನೆಯವರಿಗೆ ಒಂದೇ ಮಾತು: ಕರೆದುಕೊಂಡು ಹೋಗಿ, ಮಗುವನ್ನು ಎತ್ತಿಕೊಳ್ಳಿ, ಹತ್ತು ನಿಮಿಷ ಹೊರಗೆ ಬೆಂಚಿನ ಮೇಲೆ ಕೂತಿರಿ.