ಟೋಪಿಯನ್ನು ಮಗುಚಿ ನೋಡಿ

ಜರ್ಮನಿಯಲ್ಲೇ ಹುಟ್ಟಿ ಬೆಳೆದ ನಿಮಗೆ ವಾರಾಂತ್ಯದ ಹಳೇ ಸಾಮಾನಿನ ಸಂತೆ ಹೊಸದೇನಲ್ಲ. ಪಿಂಗಾಣಿ ಬಟ್ಟಲು, ನಿಂತ ಗಡಿಯಾರಗಳ ನಡುವೆ ಒಮ್ಮೊಮ್ಮೆ ಕಪ್ಪು ಚರ್ಮದ, ನೆತ್ತಿಯ ಮೇಲೆ ಚೂಪಾದ ಮೊನೆ ಇರುವ ಟೋಪಿ ಕಾಣುತ್ತದೆ. ಅದೇ ಪಿಕೆಲ್‌ಹೌಬೆ. ಹಳೆಯ ಸೈನಿಕ ಟೋಪಿಗಳನ್ನು ಕೂಡಿಸುವವರಿಗೆ ಇದರ ಮೇಲೆ ಬಲು ಆಸೆ. ಬೆಲೆ ಕೇಳುವ ಮೊದಲು ಅದನ್ನು ಓದುವುದು ಹೇಗೆ ಎಂದು ತಿಳಿಯೋಣ.

ಪ್ರಷ್ಯಾದ ಸೈನ್ಯಕ್ಕೆ ಈ ಟೋಪಿ ಬಂದದ್ದು 1842ರಲ್ಲಿ, ದೊರೆ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ಕಾಲದಲ್ಲಿ. ಮುಂದಿನ ಲೋಹದ ಫಲಕದಲ್ಲಿ ಹದ್ದು ಇದ್ದರೆ ಸಾಮಾನ್ಯವಾಗಿ ಅದು ಪ್ರಷ್ಯಾದ್ದು. ಲಾಂಛನ ಹಿಡಿದ ಎರಡು ಸಿಂಹಗಳಿದ್ದರೆ ಬವೇರಿಯಾದ್ದು. ಮೊನೆಯ ಜಾಗದಲ್ಲಿ ಗುಂಡು ಇದ್ದರೆ ಫಿರಂಗಿ ದಳದ್ದು.

ಈಗ ಟೋಪಿಯನ್ನು ಮಗುಚಿ. ನಿಜವಾದ ಕಥೆ ಇರುವುದು ಒಳಗೆ. ಸೈನ್ಯ ಕೊಟ್ಟ ಟೋಪಿಯಾದರೆ ತಯಾರಕರ, ರೆಜಿಮೆಂಟಿನ, ವರ್ಷದ ಮುದ್ರೆಗಳು ಸಿಗಬಹುದು. ಅಧಿಕಾರಿಗಳು ತಮ್ಮ ದುಡ್ಡಿನಲ್ಲೇ ಕೊಳ್ಳುತ್ತಿದ್ದರು. ಅವುಗಳ ಒಳಗೆ ರೇಷ್ಮೆಯ ಅಸ್ತರಿ ಇರುತ್ತದೆ. ಚರ್ಮದ ಬದಲು ಫೆಲ್ಟ್ ಅಥವಾ ತಗಡು ಇದ್ದರೆ ಅದು ಮೊದಲ ಮಹಾಯುದ್ಧದ ಕಾಲದ್ದಿರಬಹುದು. ಆಗ ಚರ್ಮಕ್ಕೆ ಬರ ಬಂದಿತ್ತು. ಚರ್ಮವಾಗಲಿ ಫೆಲ್ಟ್ ಆಗಲಿ ಸಿಡಿಗುಂಡಿನ ಚೂರನ್ನು ತಡೆಯಲಾರದು. ಎಷ್ಟೋ ತಲೆಗಳು ಹೋದ ಮೇಲೆ, 1916ರಲ್ಲಿ ಉಕ್ಕಿನ ಶಿರಸ್ತ್ರಾಣ ಬಂತು.

ಫಲಕದ ಹಿಂದೆ ಬೇಡದ ತೂತುಗಳಿದ್ದರೆ ಯಾರೋ ಫಲಕ ಬದಲಿಸಿರಬಹುದು. ಹೊರಗೆಲ್ಲ ಸವೆದು ಒಳಗೆ ಬೆವರಿನ ಕಲೆಯೇ ಇಲ್ಲದಿದ್ದರೆ ಅನುಮಾನಪಡಿ. ಕೊಂಡ ಮೇಲೆ ಹಿತ್ತಾಳೆಯನ್ನು ಉಜ್ಜಿ ಹೊಳೆಯಿಸಬೇಡಿ, ಹಳೆಯ ಮೆರುಗು ಮತ್ತೆ ಬರುವುದಿಲ್ಲ. ಬಿಸಿಲು, ಹೀಟರ್‌ಗಳಿಂದ ದೂರವಿಡಿ. ಚರ್ಮ ಒಣಗಿ ಬಿರಿಯುತ್ತದೆ.

ಒಂದು ಎಚ್ಚರಿಕೆ. ನಾಜಿ ಲಾಂಛನವಿರುವ ಶಿರಸ್ತ್ರಾಣವನ್ನು ಇಲ್ಲಿ ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಶಿಕ್ಷಣ, ಸಂಶೋಧನೆ, ಕಲೆಯಂಥ ಉದ್ದೇಶಗಳಿಗೆ ವಿನಾಯಿತಿಯಿದೆ. ಗೆಳೆಯರ ಮುಂದೆ ಮೆರೆಯುವುದಕ್ಕಿಲ್ಲ.

ಆ ಮಹಾಯುದ್ಧದಲ್ಲಿ ಜರ್ಮನಿಯ ಮಿತ್ರನಾಗಿದ್ದ ತುರ್ಕಿಯ ಎದುರು ನಮ್ಮ ಕಡೆಯವರೂ ಹೋರಾಡಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ನಗರವನ್ನು ಗೆದ್ದದ್ದು ಮೈಸೂರು ಲ್ಯಾನ್ಸರ್ಸ್ ಕುದುರೆ ದಳ. ಅವರ ತಲೆಯ ಮೇಲಿದ್ದದ್ದು ರುಮಾಲು. ಬಿಚ್ಚಿದರೆ ಅದು ಬರೀ ಬಟ್ಟೆ. ಚರ್ಮ, ಉಕ್ಕು ನೂರು ವರ್ಷ ಕಳೆದರೂ ಸಂತೆಯಲ್ಲಿ ಸಿಗುತ್ತವೆ. ಬಟ್ಟೆ ಹರಿಯುತ್ತದೆ, ಹುಳ ತಿನ್ನುತ್ತದೆ, ಒರೆಸುವ ಅರಿವೆಯಾಗುತ್ತದೆ. ಸಂಗ್ರಹಕಾರರ ಕಪಾಟು ಉಳಿದವರ ಕಥೆಯನ್ನಷ್ಟೇ ಹೇಳುತ್ತದೆ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನೋಡಿ ಬನ್ನಿ. ಅಜ್ಜ, ಅಜ್ಜಿಯನ್ನು ಕೇಳಿ: ನಮ್ಮ ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದರಾ? ಟ್ರಂಕಿನಲ್ಲಿ ಹಳೆಯ ರುಮಾಲೋ, ಟೋಪಿಯ ಬಿಲ್ಲೆಯೋ ಸಿಕ್ಕರೆ ಯಾರದು, ಯಾವ ದಳದ್ದು ಎಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ಹೇಳುವವರು ಇರುವಾಗಲೇ ಕೇಳಿ. ಹೆಸರು ಕಳೆದುಹೋದರೆ ಅದೂ ಒಂದು ದಿನ ಸಂತೆಯ ಸಾಮಾನಾಗುತ್ತದೆ.